ಎರಡು ಮೂಲೆ ತೋರಿಸಿದ ತೆಂಗಿನಕಾಯಿ

ಪ್ರಶ್ನೆ: ನನಗೆ 32 ವರ್ಷ. ನರಸಾಪುರದ ಕಾರ್ಖಾನೆಯೊಂದರಲ್ಲಿ ಕೆಲಸ. ಊರಿನಲ್ಲಿ ಅಪ್ಪನ ಮೂರು ಎಕರೆ ಜಮೀನಿದೆ. ಕೆಲಸ ಬಿಟ್ಟು, ಉಳಿಸಿದ ಆರು ಲಕ್ಷವನ್ನು ಕೊಳವೆಬಾವಿಗೂ ಟೊಮೆಟೊಗೂ ಹಾಕುವ ಆಸೆ. ತೆಂಗಿನಕಾಯಿ ಹಿಡಿದು ನೀರು ನೋಡುವ ಒಬ್ಬರು ಈಶಾನ್ಯದ ಮೂಲೆ ತೋರಿಸಿದರು, ಇನ್ನೊಬ್ಬರು ಬೇವಿನ ಮರದ ಬುಡ. ವರ್ಷದಿಂದ ನಿದ್ದೆಯಿಲ್ಲ. ಖಚಿತವಾಗಿ ಒಂದು ಮಾತು ಹೇಳಿ.
– ಹೆಸರು ಬೇಡ, ಶ್ರೀನಿವಾಸಪುರ ತಾಲ್ಲೂಕು

ಉತ್ತರ: ಖಚಿತವಾದ ಮಾತು ಹೇಳಿದರೆ ನಾನೂ ನಿಮಗೆ ಮೂರನೆಯ ಮೂಲೆ ತೋರಿಸಿದಂತಾಗುತ್ತದೆ. ಕೋಲಾರದ ಕಲ್ಲುನೆಲದಲ್ಲಿ ನೀರಿರುವುದು ಬಂಡೆಯ ಬಿರುಕುಗಳಲ್ಲಿ. ಹತ್ತು ಮಾರು ಆಚೆ ಬಿದ್ದ ನೀರು ಈಚೆ ಬೀಳದಿರಬಹುದು. ಆದ್ದರಿಂದ ಆ ಇಬ್ಬರನ್ನೂ, ಅಕ್ಕಪಕ್ಕದ ಹೊಲದವರನ್ನೂ ಹೀಗೆ ಕೇಳಿ: ಈಚೆಗೆ ಕೊರೆಸಿದ ಹತ್ತು ಬೋರುಗಳಲ್ಲಿ ಎಷ್ಟರಲ್ಲಿ ನೀರು ಬಿತ್ತು, ಎರಡು ಬೇಸಿಗೆ ಕಳೆದ ಮೇಲೂ ಎಷ್ಟರಲ್ಲಿ ಉಳಿದಿದೆ? ಹತ್ತಕ್ಕೆ ನಾಲ್ಕು ಎಂದು ತಿಳಿದುಬಂದರೆ, ‘ಬಿದ್ದೇ ಬೀಳುತ್ತದೆ’ ಎಂಬ ಭರವಸೆಗಿಂತ ಆ ಲೆಕ್ಕ ನಿಮಗೆ ಎಷ್ಟೋ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಆರು ಪಾಲು ಸೋಲಬಹುದಾದ ಕೆಲಸಕ್ಕೆ ಇಡೀ ಉಳಿತಾಯವನ್ನು ಸುರಿಯಬಹುದೇ ಎಂದು ಆಗ ನೀವೇ ಯೋಚಿಸುತ್ತೀರಿ.

ಟೊಮೆಟೊ ಬೆಲೆಯ ವಿಚಾರವೂ ಹಾಗೆಯೇ. 2023ರ ಜುಲೈನಲ್ಲಿ ಕೋಲಾರದ ಎಪಿಎಂಸಿಯಲ್ಲಿ 15 ಕೆ.ಜಿ. ಬಾಕ್ಸು 2,000 ರೂಪಾಯಿ ದಾಟಿತ್ತು. ಅದನ್ನು ಕಂಡು ಸಸಿ ನೆಟ್ಟವರ ಹಣ್ಣು ಮಾರುಕಟ್ಟೆಗೆ ಬರುವ ಹೊತ್ತಿಗೆ, ಸೆಪ್ಟೆಂಬರಿನಲ್ಲಿ, ಬೆಲೆ ನೆಲಕಚ್ಚಿತ್ತು. ಅವರು ದಡ್ಡರೇನಲ್ಲ, ಕಣ್ಣೆದುರಿನ ಬೆಲೆಯನ್ನೇ ಎರಡು ತಿಂಗಳ ಮುಂದಿನ ಬೆಲೆಯೆಂದು ಎಣಿಸಿದ್ದರು.

ನಿಮ್ಮ ಕಡೆಯ ಹಿರಿಯರು ರಾಗಿಯ ನಡುವೆ ಅವರೆ, ತೊಗರಿ, ಹುಚ್ಚೆಳ್ಳಿನ ಅಕ್ಕಡಿ ಸಾಲು ಹಾಕುತ್ತಿದ್ದುದು ನಿಮಗೆ ಗೊತ್ತಿದ್ದೇ ಇದೆ. ಮಳೆಯನ್ನು ನಂಬಲಾಗದು ಎಂದು ಒಪ್ಪಿಕೊಂಡೇ ಅವರು ಬಿತ್ತುತ್ತಿದ್ದರು. ರಾಗಿ ಕೈಕೊಟ್ಟ ವರ್ಷವೂ ಮಾಗಿಯ ಇಬ್ಬನಿಗೆ ಅವರೆ ಕಾಯಿ ಕಟ್ಟುತ್ತಿತ್ತು.

ನೀವೂ ಹಾಗೆ ಮಾಡಿ. ಈಗಲೇ ಕೆಲಸ ಬಿಡಬೇಡಿ, ಬೋರು ಕೊರೆಸಬೇಡಿ. ಇವೆರಡೂ ಹಿಂದಕ್ಕೆ ಪಡೆಯಲಾಗದ ಹೆಜ್ಜೆಗಳು. ನೀರಿರುವ ನೆರೆಯವರೊಂದಿಗೆ ಪಾಲಿಗೆ ಅರ್ಧ ಎಕರೆ ಟೊಮೆಟೊ ಇಟ್ಟು ನೋಡಿ. ಸಸಿ ನೆಡುವ ಮುನ್ನ ಒಂದು ನೋಟ್‌ಬುಕ್ಕಿನಲ್ಲಿ, ಯಾವ ಬೆಲೆ ನಿರೀಕ್ಷಿಸುತ್ತೀರಿ, ಹತ್ತಕ್ಕೆ ಎಷ್ಟು ನಂಬಿಕೆಯಿದೆ, ಏನಾದರೆ ಕೈಬಿಡುತ್ತೀರಿ ಎಂದು ಬರೆದಿಡಿ. ಕೊಯ್ಲು ಮುಗಿದ ಮೇಲೆ ತೆರೆದು ನೋಡಿ. ಒಂದು ಬೆಳೆ ಗೆದ್ದಿತೆಂದು ನಿಮ್ಮ ಯೋಚನೆಯೇ ಸರಿ, ಸೋತಿತೆಂದು ಅದೇ ತಪ್ಪು ಎಂದು ತೀರ್ಮಾನಿಸದೆ ಎರಡು ಮೂರು ಬೆಳೆ ಕಾಯಿರಿ.

ಅಪ್ಪ ಏನೆನ್ನುತ್ತಾರೆಂದು ನೀವು ಬರೆದಿಲ್ಲ. ಆ ಪುಟ ಬರೆಯುವಾಗ ಅವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಸುತ್ತಲಿನ ಹೊಲಗಳಲ್ಲಿ ಎಷ್ಟು ಬೋರು ಒಣಗಿದವೆಂಬ ಲೆಕ್ಕ ಅವರ ಬಳಿ ಇರುತ್ತದೆ.