ಹೈಟಿಯವರು ಆಡುವುದು ಫ್ರೆಂಚ್ ಅಲ್ವಾ?

ಪ್ರಶ್ನೆ: ಮಗಳು ಬಾಸ್ಟನ್‌ನಲ್ಲಿ ಕೆಲಸದಲ್ಲಿದ್ದಾಳೆ. ಅವಳ ಆಫೀಸಿನಲ್ಲಿ ಹೈಟಿ ದೇಶದ ಹೆಂಗಸೊಬ್ಬರಿದ್ದಾರೆ. 'ನಿಮ್ಮ ಭಾಷೆ ಫ್ರೆಂಚ್ ಅಲ್ವಾ?' ಎಂದು ಕೇಳಿದ್ದಕ್ಕೆ ಅವರು ಮುಖ ಗಂಟಿಕ್ಕಿ 'ಅಲ್ಲ, ಕ್ರೆಯೋಲ್' ಎಂದರಂತೆ. ಹಾಗಾದರೆ 'ಹೈಟಿಯನ್' ಅಂದರೆ ಜನವೋ ಭಾಷೆಯೋ? ಕನ್ನಡದಲ್ಲಿ ಏನೆಂದು ಬರೆಯಬೇಕು?
– ಓದುಗರೊಬ್ಬರು, ಧಾರವಾಡ

ಉತ್ತರ: ಆಕೆ ಹೇಳಿದ್ದು ಸರಿ. ಮುಖ ಗಂಟಿಕ್ಕಿದ್ದಕ್ಕೂ ಕಾರಣ ಇದೆ, ಅದಕ್ಕೆ ಆಮೇಲೆ ಬರೋಣ.

ಇಂಗ್ಲಿಷಿನ 'ಹೈಟಿಯನ್' ಮುಖ್ಯವಾಗಿ ಜನರಿಗೆ ಹೇಳುವ ಮಾತು. ಕನ್ನಡದಲ್ಲಿ ಅದನ್ನು ಎಳೆದು ತಂದು 'ಹೈಟಿಯನ್ನರು' ಎಂದು ಬರೆಯುವ ಅಗತ್ಯ ನನಗಂತೂ ಕಾಣುವುದಿಲ್ಲ. ಜಪಾನಿನವರು, ನೇಪಾಳದವರು ಎನ್ನುವ ಹಾಗೆ 'ಹೈಟಿಯವರು' ಎಂದರೆ ಸಾಕು. ಭಾಷೆಗೆ 'ಹೈಟಿ ಕ್ರಿಯೋಲ್' ಎನ್ನಿ; ಆಕೆ 'ಕ್ರೆಯೋಲ್' ಎಂದದ್ದೂ ಇದನ್ನೇ. ಬೇರೆ ಬೇರೆ ಭಾಷೆಗಳ ಜನ ಒಂದೆಡೆ ಸೇರಿದಾಗ ಹುಟ್ಟಿಕೊಂಡ ಹೊಸ ಭಾಷೆಗೆ ಕ್ರಿಯೋಲ್ ಎನ್ನುತ್ತಾರೆ. ಸುಮ್ನೆ 'ಕ್ರಿಯೋಲ್' ಎಂದರೆ ಗೊಂದಲ, ಯಾಕಂದರೆ ಮಾರಿಷಸ್‌ನಲ್ಲೂ ಒಂದು ಕ್ರಿಯೋಲ್ ಇದೆ, ಸೆಶೆಲ್ಸ್‌ನಲ್ಲೂ ಇದೆ. ಇನ್ನು ತಾಹಿತಿ ಅನ್ನುವುದು ಬೇರೆಯೇ ದ್ವೀಪ, ಪೆಸಿಫಿಕ್ ಸಾಗರದಲ್ಲಿದೆ; ಹೈಟಿ ಇರುವುದು ಕೆರಿಬಿಯನ್ ಸಮುದ್ರದ ದ್ವೀಪವೊಂದರಲ್ಲಿ. ಎರಡನ್ನೂ ಕಲಸಿಬಿಡುವವರು ಜಾಸ್ತಿ.

ಅಲ್ಲಿಯವರ ಬಾಯಲ್ಲಿ ದೇಶದ ಹೆಸರು 'ಆಯಿತಿ'. ಹಕಾರ ಇಲ್ಲ, ಟಕಾರವೂ ಇಲ್ಲ. ನಮ್ಮ 'ಆಯಿತು' ಪಕ್ಕದ ಮನೆಯ ಹಾಗೆ ಕೇಳುತ್ತದೆ! ನಮ್ಮ ಟಕಾರ ಬಂದದ್ದು ಇಂಗ್ಲಿಷ್ ದಾರಿಯಿಂದ. ಈ ಹೆಸರು ಕೊಲಂಬಸ್ ಬರುವ ಮೊದಲೇ ಆ ದ್ವೀಪದಲ್ಲಿದ್ದ ತೈನೊ ಜನರದ್ದು, ಅರ್ಥ ಬೆಟ್ಟಗಳ ನಾಡು. ಫ್ರೆಂಚರು ತಮ್ಮ ವಸಾಹತಿಗೆ ಸೇಂಟ್ ಡೊಮಿಂಗ್ ಎಂದು ಹೆಸರಿಟ್ಟಿದ್ದರು. ಕಬ್ಬಿನ ತೋಟಗಳಲ್ಲಿ ಗುಲಾಮರಾಗಿದ್ದ ಆಫ್ರಿಕಾ ಮೂಲದ ಜನ ಕಾದಾಡಿ ಅವರನ್ನು ಓಡಿಸಿ, 1804ರ ಜನವರಿ 1ರಂದು ಸ್ವತಂತ್ರರಾದರು. ಆಗ ಫ್ರೆಂಚ್ ಹೆಸರನ್ನು ಕಿತ್ತೆಸೆದು ತೈನೊ ಹೆಸರನ್ನೇ ಎತ್ತಿಕೊಂಡರು. ಅಷ್ಟು ಹೊತ್ತಿಗೆ ತೈನೊ ಜನ ಹೆಚ್ಚುಕಡಿಮೆ ಅಳಿದೇ ಹೋಗಿದ್ದರು.

ಈಗ ಭಾಷೆಗೆ ಬರೋಣ. ಪದಗಳು ಬಹುಪಾಲು ಫ್ರೆಂಚಿನಿಂದ ಬಂದವು, ನಿಜ. ಆದರೆ ಫ್ರೆಂಚಿನಲ್ಲಿ ಪದದ ಮುಂದೆ ಬೇರೆಯಾಗಿ ನಿಲ್ಲುವ, ಇಂಗ್ಲಿಷಿನ 'ದಿ' ತರಹದ ತುಣುಕು ಇಲ್ಲಿ ಎಷ್ಟೋ ಕಡೆ ಪದಕ್ಕೇ ಅಂಟಿಕೊಂಡುಬಿಟ್ಟಿದೆ. ಫ್ರೆಂಚಿನಲ್ಲಿ ಶಾಲೆ 'ಎಕೋಲ್', ಇಲ್ಲಿ 'ಲೆಕೋಲ್'. ಹಕ್ಕಿ ಅಲ್ಲಿ 'ವಾಝೋ', ಇಲ್ಲಿ 'ಝ್ವಾಝೋ'. ಮೊದಲಿನ ಆ 'ಝ' ಬಹುವಚನದ ಗುರುತಿನಿಂದ ಬಂದದ್ದು, ಆದರೂ ಒಂದೇ ಹಕ್ಕಿಗೂ ಅದೇ ಪದ. ನಾವು 'ಶೂಸ್‌ಗಳು' ಅನ್ನುವುದಿಲ್ಲವೇ, ಹಾಗೆ. ವ್ಯಾಕರಣವಂತೂ ಬಹಳ ಬೇರೆ. 'ಲಿ ಮಾಂಝೆ' ಎಂದರೆ ತಿಂದ, ತಿಂದಳು, ತಿಂತು, ಮೂರೂ ಅದೇ.

ಮುಖ ಗಂಟಿಕ್ಕಿದ್ದಕ್ಕೆ ಕಾರಣ ಇಲ್ಲಿದೆ. ಬಹುಕಾಲ ಕ್ರಿಯೋಲನ್ನು 'ಕೆಟ್ಟ ಫ್ರೆಂಚ್' ಎಂದು ಹೀಗಳೆದರು. ಹೈಟಿಯವರೆಲ್ಲ ಮನೆಯಲ್ಲಿ, ಸಂತೆಯಲ್ಲಿ ಆಡುವುದು ಕ್ರಿಯೋಲ್. ಆದರೆ ಶಾಲೆ, ಕೋರ್ಟು, ಕಚೇರಿಯ ಗತ್ತೆಲ್ಲ ಫ್ರೆಂಚಿಗೆ. ಫ್ರೆಂಚ್ ಸರಾಗವಾಗಿ ಬರುವವರು ಓದಿದ ಸ್ವಲ್ಪ ಜನ ಮಾತ್ರ. 1987ರ ಸಂವಿಧಾನ ಬಂದ ಮೇಲೆ ಕ್ರಿಯೋಲೂ ಅಧಿಕೃತ ಭಾಷೆಯಾಯಿತು. ಹೈಟಿಯವರೆಲ್ಲರನ್ನೂ ಕೂಡಿಸುವ ಭಾಷೆ ಇದೇ ಎಂದು ಆ ಸಂವಿಧಾನವೇ ಹೇಳುತ್ತದೆ. ಕನ್ನಡದವರಿಗೆ 'ನಿಮ್ಮದು ತಮಿಳೇ ಅಲ್ವಾ' ಎಂದರೆ ಹೇಗಾಗುತ್ತದೆ, ಯೋಚಿಸಿ.

ಇನ್ನೊಂದು ಮಾತು. ಅಲ್ಲಿ 'ಬ್ಲಾಂ' ಎಂದರೆ ಮೂಲದಲ್ಲಿ ಬಿಳಿಯ, ಬಳಕೆಯಲ್ಲಿ ಹೊರದೇಶದವರು. ಮೈಬಣ್ಣ ಯಾವುದಾದರೂ ಸರಿ. ನಿಮ್ಮ ಮಗಳು ಹೈಟಿಗೆ ಹೋದರೆ ಅವಳೂ ಬ್ಲಾಂ!

ಸದ್ಯಕ್ಕೆ ಅವಳು 'ಸಾಕ್ ಪಾಸೆ?' ಎಂದು ಆ ಸಹೋದ್ಯೋಗಿಯನ್ನು ಮಾತಾಡಿಸಲಿ. ಏನ್ ಸಮಾಚಾರ ಎಂದರ್ಥ. 'ನಾಪ್ ಬೂಲೆ' ಎಂಬ ಉತ್ತರ ಬರಬಹುದು. ಅಕ್ಷರಶಃ 'ಉರೀತಾ ಇದ್ದೀವಿ'. ಗಾಬರಿ ಬೇಡ, ಚೆನ್ನಾಗಿದ್ದೀವಿ ಅಂತ ಅಷ್ಟೆ.