‘ರಾಯರಿದ್ದಾರೆ’ ಅಂದದ್ದು ತಪ್ಪಾಯಿತೇ?

ಪ್ರಶ್ನೆ: ನಾನು ಸರ್ಕಾರಿ ಪ್ರಾಥಮಿಕ ಶಾಲೆಯ ಶಿಕ್ಷಕಿ. ವಯಸ್ಸು 47. ಮಂತ್ರಾಲಯದ ರಾಯರ ಭಕ್ತೆ. ನಮ್ಮ ಟಿಸಿಎಚ್ (ಶಿಕ್ಷಕರ ತರಬೇತಿ) ಬ್ಯಾಚಿನವರದ್ದು ಒಂದು ವಾಟ್ಸಾಪ್ ಗ್ರೂಪ್ ಇದೆ, 42 ಜನ ಇದ್ದೇವೆ. ಪ್ರತಿ ಗುರುವಾರ ಬೆಳಿಗ್ಗೆ ಅದರಲ್ಲಿ ಬೃಂದಾವನದ ಫೋಟೋ ಹಾಕುತ್ತೇನೆ. ಇಷ್ಟು ವರ್ಷ ಯಾರೂ ಏನೂ ಅಂದಿರಲಿಲ್ಲ. ಮೂರು ವಾರದ ಹಿಂದೆ ನಮ್ಮ ಬ್ಯಾಚಿನ ಗೆಳತಿಯೊಬ್ಬಳ ಮಗನಿಗೆ ಬೈಕ್ ಅಪಘಾತವಾಗಿ ಹುಬ್ಬಳ್ಳಿಯಲ್ಲಿ ಐಸಿಯುಗೆ ಸೇರಿಸಿದರು. ನಾನು ಗ್ರೂಪಿನಲ್ಲಿ ‘ರಾಯರಿದ್ದಾರೆ, ನಿನ್ನ ಮಗನಿಗೆ ಏನೂ ಆಗಲ್ಲ, ಗಟ್ಟಿಯಾಗಿ ನಂಬು’ ಅಂತ ಬರೆದೆ. 108 ಸಲ ಮಂತ್ರ ಹೇಳು ಅಂತ ವಾಯ್ಸ್ ಮೆಸೇಜ್ ಕಳಿಸಿದೆ. ಮಾರನೇ ದಿನ ‘ಹೇಳಿದೆಯಾ?’ ಅಂತಲೂ ಕೇಳಿದೆ. ನಾಲ್ಕನೇ ದಿನ ಹುಡುಗ ತೀರಿಕೊಂಡ. ‘ದೇವರು ಒಳ್ಳೆಯವರನ್ನೇ ಬೇಗ ಕರೆಸಿಕೊಳ್ತಾನೆ’ ಅಂತ ಬರೆದೆ. ಅದಕ್ಕೆ ಆಕೆ ಎಲ್ಲರೆದುರು ‘ನಿನ್ನ ದೇವರನ್ನ ನಿನ್ನ ಹತ್ರಾನೇ ಇಟ್ಕೋ’ ಅಂದುಬಿಟ್ಟಳು. ಆಕೆಯೂ ದಿನಾ ಪೂಜೆ ಮಾಡುವವಳೇ.

ನಮ್ಮ ಬ್ಯಾಚಿನ ಮುಸ್ಲಿಂ ಸಹಪಾಠಿಯೊಬ್ಬರು ‘ದಿನಾ ನಮಾಜಿನಲ್ಲಿ ನಿಮ್ಮ ಮಗನಿಗಾಗಿ ದುವಾ ಮಾಡ್ತಿದ್ದೀನಿ’ ಅಂತ ಬರೆದಾಗ ಮಾತ್ರ ಕೈಮುಗಿದಿದ್ದಳು. ಅವರು ಹೇಳಬಹುದು, ನಾನು ಹೇಳಬಾರದಾ? ಈಗ ಗ್ರೂಪ್ ಎರಡು ಹೋಳಾಗಿದೆ. ನನ್ನ ಪರ ಇರುವವರು ‘ರಾಯರಿಗೆ ಅವಮಾನ ಆಯ್ತು’ ಅಂತ ಜಗಳಕ್ಕೆ ನಿಂತಿದ್ದಾರೆ. ಒಬ್ಬರು ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡು ಪೊಲೀಸರಿಗೆ ಕಂಪ್ಲೇಂಟ್ ಕೊಡೋಣ ಅನ್ನುತ್ತಿದ್ದಾರೆ. ಅಡ್ಮಿನ್ ಅಂತೂ ಇನ್ಮೇಲೆ ಇಲ್ಲಿ ದೇವರ ವಿಷಯವೇ ಬೇಡ ಅಂದಿದ್ದಾರೆ. ನಾನು ಗ್ರೂಪ್ ಬಿಡಲೇ? ದೇವರ ಹೆಸರು ಹೇಳುವುದೂ ತಪ್ಪಾ?

– ಹೆಸರು ಬೇಡ, ಗದಗ ಜಿಲ್ಲೆ

ಅಕ್ಕೋರೆ, ನಿಮ್ಮ ಪತ್ರದಲ್ಲಿ ನನಗೆ ಗಾಬರಿ ಆಗಿದ್ದು ಆ ಸ್ಕ್ರೀನ್‌ಶಾಟ್ ಸುದ್ದಿ ಓದಿ. ಉಳಿದದ್ದನ್ನೆಲ್ಲ ಆಮೇಲೆ ನೋಡೋಣ. ಮಗನನ್ನು ಕಳೆದುಕೊಂಡು ತಿಂಗಳೂ ಆಗದ ತಾಯಿಯ ಮೇಲೆ ನಿಮ್ಮ ಹೆಸರಿನಲ್ಲಿ, ರಾಯರ ಹೆಸರಿನಲ್ಲಿ ಜಗಳ ನಡೀತಾ ಇದೆ. ಅದನ್ನು ಇವತ್ತೇ ನಿಲ್ಲಿಸಬೇಕು. ನಿಲ್ಲಿಸೋ ಶಕ್ತಿ ಇರೋದು ನಿಮಗೊಬ್ಬರಿಗೇ. ಅಡ್ಮಿನ್ ಹೇಳಿದರೆ ಪಕ್ಷಪಾತ ಅಂತಾರೆ, ಆಕೆಯ ಪರ ಇರುವವರು ಹೇಳಿದರೆ ಜಗಳ ಇನ್ನೂ ಬೆಳೆಯುತ್ತೆ. ನೀವು ಬೇಡ ಅಂದಮೇಲೆ ಮಾತ್ರ ಅವರಿಗೆ ಜಗಳಕ್ಕೆ ನೆಪ ಉಳಿಯಲ್ಲ.

ಉದ್ದ ಬರೆಯಬೇಡಿ. ‘ನನ್ನ ಪರವಾಗಿ ಯಾರೂ ಮಾತಾಡಬೇಡಿ. ಆಕೆ ಹೇಳಿದ್ದರಲ್ಲಿ ನನಗೆ ಅವಮಾನ ಕಾಣಲಿಲ್ಲ. ಅಂಥ ಹೊತ್ತಿನಲ್ಲಿ ಆ ಮಾತು ಬರೆದದ್ದು ನನ್ನದೇ ತಪ್ಪು. ಈ ವಿಷಯ ಇಲ್ಲಿಗೆ ಬಿಡಿ.’ ಇಷ್ಟು ಸಾಕು. ಆಮೇಲೆ ಯಾರು ಕೆಣಕಿದರೂ ಸುಮ್ನಿರಿ. ಸ್ಕ್ರೀನ್‌ಶಾಟ್ ಇಟ್ಟುಕೊಂಡವರಿಗೆ ಮಾತ್ರ ಬೇರೆಯಾಗಿ ಫೋನ್ ಮಾಡಿ ಅಳಿಸೋಕೆ ಹೇಳಿ. ಕಾನೂನಿನ ಮಾತೆತ್ತಿದರೆ ಹೀಗನ್ನಿ: ಧಾರ್ಮಿಕ ಭಾವನೆಗೆ ಧಕ್ಕೆ ಅಂತ ಎಲ್ಲರ ಬಾಯಲ್ಲೂ ಇರೋ ಹಳೇ ಐಪಿಸಿ 295ಎ ಸೆಕ್ಷನ್, 2024ರ ಜುಲೈನಿಂದ ಭಾರತೀಯ ನ್ಯಾಯ ಸಂಹಿತೆಯ 299 ಆಗಿದೆ. ಬೇಕಂತಲೇ, ಕೆಟ್ಟ ಉದ್ದೇಶ ಇಟ್ಟುಕೊಂಡು ಧರ್ಮವನ್ನು ಅವಮಾನಿಸಿದರೆ ಮಾತ್ರ ಅದು ಅನ್ವಯಿಸುತ್ತೆ. ಸುಪ್ರೀಂ ಕೋರ್ಟ್ ಇದನ್ನು 1957ರಲ್ಲೇ ಬಿಡಿಸಿ ಹೇಳಿದೆ. ‘ನಿನ್ನ ದೇವರನ್ನ ನಿನ್ನ ಹತ್ರಾನೇ ಇಟ್ಕೋ’ ಅನ್ನೋ ಹೆತ್ತವಳ ಮಾತಿನಲ್ಲಿ ಅಂಥದ್ದೇನಿದೆ? ಸಿಟ್ಟಿದೆ, ಸಂಕಟ ಇದೆ. ಅದೂ ರಾಯರ ಮೇಲಲ್ಲ, ನಿಮ್ಮ ಮೇಲೆ.

ಈಗ ನಿಮ್ಮ ಮೇಲೆ ಯಾಕೆ ಅಂತ ನೋಡೋಣ.

ಐಸಿಯು ಹೊರಗೆ ಕಾದವರನ್ನು ನೀವೂ ನೋಡಿರ್ತೀರಿ. ಗೋಡೆಗೆ ಒರಗಿಸಿದ ಕಬ್ಬಿಣದ ಕುರ್ಚಿ, ಕೈಯಲ್ಲಿ ಫೋನು, ಪಕ್ಕದಲ್ಲಿ ಚಾರ್ಜರ್. ಊರಿಂದ ಯಾರು ಹೊರಟರು, ರಕ್ತ ಎಲ್ಲಿ ಸಿಗುತ್ತೆ, ದುಡ್ಡು ಯಾರು ಹಾಕಿದರು, ಎಲ್ಲ ಅದರಲ್ಲೇ ಬರಬೇಕು. ಹಾಗಾಗಿ ಫೋನ್ ಆಫ್ ಮಾಡೋಹಾಗಿಲ್ಲ. ಟಿಣ್ ಅಂದಾಗೆಲ್ಲ ನೋಡಲೇಬೇಕು. ಅಂಥ ಹೊತ್ತಲ್ಲಿ ‘108 ಸಲ ಹೇಳಿದೆಯಾ?’ ಅಂತ ಬಂದರೆ ಹೇಗಿರುತ್ತೆ? ನೀವು ಕಾಳಜಿಯಿಂದಲೇ ಕೇಳಿದಿರಿ, ನಂಬುತ್ತೇನೆ. ಆದರೆ ಆಕೆಗೆ ಅದು ಹೋಂವರ್ಕ್ ಮಾಡಿದೆಯಾ ಅಂತ ಕೇಳಿದ ಹಾಗೆ ಕೇಳಿಸಿರುತ್ತೆ. ಹೇಳಿದೆ ಅಂದರೆ ಸುಳ್ಳಾಗಬಹುದು. ಇಲ್ಲ ಅಂದರೆ ಮಗನಿಗಾಗಿ ಅಷ್ಟೂ ಮಾಡದ ತಾಯಿ ಅನ್ನಿಸಿಕೊಳ್ಳಬೇಕು. ಅದೂ 42 ಜನರ ಎದುರಿಗೆ.

ಇನ್ನು ‘ಏನೂ ಆಗಲ್ಲ, ಗಟ್ಟಿಯಾಗಿ ನಂಬು’ ಅಂದಿರಲ್ಲ, ನಿಜವಾಗಿ ಚುಚ್ಚಿದ್ದು ಅದು ಅಂತ ನನ್ನ ಲೆಕ್ಕ. ಡಾಕ್ಟರೂ ಕೊಡದ ಗ್ಯಾರಂಟಿಯನ್ನು ನೀವು ರಾಯರ ಹೆಸರಲ್ಲಿ ಬರೆದುಕೊಟ್ಟುಬಿಟ್ಟಿರಿ. ಅದಕ್ಕೊಂದು ಷರತ್ತನ್ನೂ ಹಾಕಿದಿರಿ. ಹುಡುಗ ಉಳಿದಿದ್ದರೆ ಯಾರೂ ಅದನ್ನು ನೆನಪಿಡ್ತಿರಲಿಲ್ಲ. ಅವನು ಹೋದಮೇಲೆ ಆ ಮಾತಿಗೆ ಏನರ್ಥ ಉಳೀತು ನೋಡಿ: ನೀನು ಸಾಕಷ್ಟು ಗಟ್ಟಿಯಾಗಿ ನಂಬಲಿಲ್ಲ. ನೀವು ಹಾಗೆ ಹೇಳಲಿಲ್ಲ, ಕನಸಲ್ಲೂ ಹೇಳಲ್ಲ. ಆದರೆ ರಾತ್ರಿ ನಿದ್ದೆ ಬಾರದೆ ಫೋನ್ ತೆಗೆದು ಹಳೇ ಮೆಸೇಜ್ ತಿರುವಿ ಹಾಕುವ ತಾಯಿಗೆ ಅದು ಹಾಗೇ ಓದಿಸಿಕೊಳ್ಳುತ್ತೆ. ಅದರ ಮೇಲೆ ‘ಒಳ್ಳೆಯವರನ್ನೇ ಬೇಗ ಕರೆಸಿಕೊಳ್ತಾನೆ’ ಬಂತು. ಹಾಗಾದರೆ ಏನೂ ಆಗಲ್ಲ ಅಂದದ್ದು ಯಾಕೆ ಅಂತ ಆಕೆ ಕೇಳಲಿಲ್ಲವಲ್ಲ, ಅದೇ ದೊಡ್ಡದು.

ಸಾವಿನ ಮನೆಯಲ್ಲೂ ಜನ ಇಂಥ ಮಾತು ಆಡ್ತಾರಲ್ಲ ಅಂತ ನೀವು ಕೇಳಬಹುದು. ಆಡ್ತಾರೆ. ‘ಏನ್ ಮಾಡೋದವ್ವಾ, ಅವನ ಋಣ ಇಷ್ಟೇ ಇತ್ತು’ ಅಂತಾರೆ. ಆದರೆ ಕೈ ಹಿಡಿದುಕೊಂಡು ಅಂತಾರೆ, ಅಳ್ತಾ ಅಂತಾರೆ. ಮಾತಿಗಿಂತ ಹಿಡಿದ ಕೈಯೇ ಜಾಸ್ತಿ ಕೆಲಸ ಮಾಡುತ್ತೆ. ಆ ಮಾತು ಅಲ್ಲೇ ಗಾಳಿಗೆ ಹೋಗುತ್ತೆ, ಯಾರು ಏನಂದರು ಅಂತ ಮಾರನೇ ದಿನ ಯಾರಿಗೂ ನೆನಪಿರಲ್ಲ. ಅದೂ ಅಲ್ಲದೆ ನಿಮ್ಮ ಕಡೆ ತಿಳಿದವರು ಸಾವಿನ ಮನೆಗೆ ಮಾತು ತಗೊಂಡು ಹೋಗಲ್ಲ, ಬುತ್ತಿ ತಗೊಂಡು ಹೋಗ್ತಾರೆ. ಒಲೆ ಹಚ್ಚದ ಮನೆಗೆ ಅನ್ನ, ಸಾರು, ರೊಟ್ಟಿ ಇಟ್ಟು, ಒಂದು ಗಳಿಗೆ ಕೂತು ಎದ್ದು ಬರ್ತಾರೆ. ಫೋನಿನಲ್ಲಿ ಆ ಕೈಯೂ ಇಲ್ಲ, ಬುತ್ತಿಯೂ ಇಲ್ಲ. ಬರೆದ ಸಾಲು ಮಾತ್ರ ಒಂಟಿಯಾಗಿ ಉಳಿಯುತ್ತೆ.

ಈಗ ದುವಾ ವಿಷಯ. ‘ಅವರು ಹೇಳಬಹುದು, ನಾನು ಹೇಳಬಾರದಾ?’ ಅಂತ ಬರೆದಿದ್ದೀರಿ. ಇದು ಬರೀ ನಿಮ್ಮ ಪ್ರಶ್ನೆ ಆಗಿ ಉಳಿದಿಲ್ಲ, ನಿಮ್ಮ ಪರ ನಿಂತವರು ಗ್ರೂಪಿನಲ್ಲಿ ಈಗಾಗಲೇ ಇದನ್ನು ಹಿಂದೂ–ಮುಸ್ಲಿಂ ಮಾತು ಮಾಡಿರಬೇಕು ಅಂತ ನನ್ನ ಊಹೆ. ನಿಮ್ಮ ಮಾತನ್ನೂ ಆ ಸಹಪಾಠಿಯ ಮಾತನ್ನೂ ಪಕ್ಕಪಕ್ಕ ಇಟ್ಟು ಓದಿ. ಅವರು ತಾವು ಮಾಡುತ್ತಿರುವುದನ್ನು ಹೇಳಿದರು. ಏನಾಗುತ್ತೆ ಅಂತ ಹೇಳಲಿಲ್ಲ. ಆಕೆ ಏನು ಮಾಡಬೇಕು ಅಂತಲೂ ಹೇಳಲಿಲ್ಲ. ಓದಿ ಸುಮ್ಮನಿದ್ದರೂ ನಡೀತಿತ್ತು. ನೀವೂ ‘ಗುರುವಾರ ಮಠಕ್ಕೆ ಹೋಗಿ ನಿನ್ನ ಮಗನ ಹೆಸರಲ್ಲಿ ಪೂಜೆ ಮಾಡಿಸ್ತೀನಿ’ ಅಂತಷ್ಟೇ ಬರೆದಿದ್ದರೆ ಆಕೆ ನಿಮಗೂ ಕೈಮುಗಿಯುತ್ತಿದ್ದಳು, ಅನುಮಾನವೇ ಬೇಡ. ಅವರೇನಾದರೂ ‘ಕಲ್ಮಾ ಓದಿ, ಹುಡುಗ ಉಳೀತಾನೆ’ ಅಂದಿದ್ದರೆ ಅವರಿಗೂ ಇದೇ ಉತ್ತರ ಸಿಗ್ತಿತ್ತು. ಚರ್ಚಿಗೆ ಹೋಗುವವರು ‘ಯೇಸು ಗುಣಮಾಡ್ತಾನೆ, ನಂಬಿ’ ಅಂದಿದ್ದರೂ ಅಷ್ಟೇ. ಯಾವ ದೇವರು ಅನ್ನೋದರ ಮೇಲೆ ಆಕೆ ಸಿಟ್ಟಾಗಿಲ್ಲ. ಅಂದಹಾಗೆ, ಮಂತ್ರಾಲಯದ ಜಾಗವನ್ನು ರಾಯರಿಗೆ ಕೊಟ್ಟದ್ದು ಆದೋನಿಯ ನವಾಬ ಸಿದ್ದಿ ಮಸೂದ್ ಖಾನ್ ಅನ್ನೋ ಪ್ರತೀತಿ ರಾಯರ ಭಕ್ತರಿಗೆಲ್ಲ ಗೊತ್ತಿರುವಂಥದ್ದು. ರಾಯರ ಹೆಸರಲ್ಲಿ ಈ ಲೆಕ್ಕ ಹಾಕುವವರಿಗೆ ಒಮ್ಮೆ ನೆನಪಿಸಿ.

ದೇವರ ಹೆಸರು ಹೇಳುವುದು ತಪ್ಪಾ ಅಂದರೆ, ಖಂಡಿತ ಅಲ್ಲ. ನಿಮ್ಮ ಅಡ್ಮಿನ್ ಹಾಕಹೊರಟಿರುವ ನಿಷೇಧ ನನಗೆ ಒಪ್ಪಿಗೆ ಇಲ್ಲ. ಮೊದಲನೆಯದಾಗಿ ಅದು ನಡೆಯಲ್ಲ. ನಮ್ಮ ಜನ ‘ದೇವರ ದಯೆ, ಮಗಳಿಗೆ ಸೀಟು ಸಿಕ್ತು’ ಅನ್ನದೆ ಒಂದು ಸುದ್ದಿ ಹೇಳಲ್ಲ. ಬಸವ ಜಯಂತಿ, ರಂಜಾನ್, ಕ್ರಿಸ್‌ಮಸ್‌ಗೆ ಶುಭಾಶಯ ಹೇಳಬೇಡಿ ಅಂದರೆ ಆ ಗ್ರೂಪಿನಲ್ಲಿ ಉಳಿಯೋದು ತುಟ್ಟಿಭತ್ಯೆ ಆದೇಶದ ಪಿಡಿಎಫ್ ಮಾತ್ರ. ಅಡ್ಮಿನ್‌ಗೆ ನೀವೇ ಒಂದು ಸಣ್ಣ ಕಟ್ಟಳೆ ಸೂಚಿಸಿ: ಹಬ್ಬಕ್ಕೆ ಶುಭಾಶಯ ಇರಲಿ, ಸ್ವಂತ ಮಾತಿನಲ್ಲಿ ದೇವರನ್ನು ನೆನೆಯೋದಿದ್ದರೆ ಇರಲಿ, ಫಾರ್ವರ್ಡ್ ಬೇಡ. ‘11 ಜನಕ್ಕೆ ಕಳಿಸಿದರೆ ಸಂಜೆಯೊಳಗೆ ಶುಭಸುದ್ದಿ’ ಅನ್ನೋದಂತೂ ಬೇಡವೇ ಬೇಡ. 2018ರಲ್ಲಿ ವಾಟ್ಸಾಪ್‌ನವರು ಭಾರತದಲ್ಲಿ ಒಂದು ಮೆಸೇಜನ್ನು ಒಂದು ಸಲಕ್ಕೆ 5 ಚಾಟ್‌ಗಿಂತ ಜಾಸ್ತಿ ಫಾರ್ವರ್ಡ್ ಮಾಡದ ಹಾಗೆ ಮಿತಿ ಹಾಕಿದರು. ಅದು ಗುಂಪುಹಲ್ಲೆಗೆ ಕಾರಣವಾದ ಸುಳ್ಳುಸುದ್ದಿ ತಡೆಯೋಕೆ ಹಾಕಿದ್ದು. ಪಾಪ, 11 ಜನರ ಶುಭಸುದ್ದಿಯವರಿಗೂ ಮೂರು ಕಂತು ಮಾಡುವ ಕೆಲಸ ಬಿತ್ತು.

ಗುರುವಾರದ ಫೋಟೋ ಬಗ್ಗೆ ‘ಯಾರೂ ಏನೂ ಅಂದಿರಲಿಲ್ಲ’ ಅಂದಿದ್ದೀರಿ. ಅನ್ನಲ್ಲ, ಅಕ್ಕೋರೆ. ದೇವರ ಫೋಟೋಗೆ ಬೇಡ ಅನ್ನೋಕೆ ಯಾರಿಗೆ ಧೈರ್ಯ ಬರುತ್ತೆ? ಗ್ರೂಪನ್ನು ಮ್ಯೂಟ್ ಮಾಡಿ ಸುಮ್ಮನಾಗ್ತಾರೆ. ಆಮೇಲೆ ಯಾರದೋ ನಿವೃತ್ತಿ, ಯಾರದೋ ಸಾವು, ಯಾವ ಸುದ್ದಿಯೂ ಅವರಿಗೆ ಹೊತ್ತಿಗೆ ಮುಟ್ಟಲ್ಲ. ಫೋಟೋ ನಿಲ್ಲಿಸಬೇಕಿಲ್ಲ, ಸ್ಟೇಟಸ್‌ಗೆ ಹಾಕಿ. 24 ಗಂಟೆ ಇರುತ್ತೆ, ಬೇಕಾದವರು ತಾವಾಗಿ ತೆರೆದು ನೋಡ್ತಾರೆ. ಯಾರು ನೋಡಿದರು ಅಂತ ನಿಮಗೂ ಸಾಮಾನ್ಯವಾಗಿ ಕಾಣುತ್ತೆ. ಬ್ಯಾಚಿನಲ್ಲಿ ರಾಯರ ಭಕ್ತರು ನಾಲ್ಕೈದು ಜನ ಇದ್ದರೆ ಅವರನ್ನು ಕೇಳಿ, ಒಪ್ಪಿದವರಿಗಷ್ಟೇ ಬ್ರಾಡ್‌ಕಾಸ್ಟ್ ಲಿಸ್ಟ್ ಮಾಡಿಕೊಳ್ಳಿ. ಅಲ್ಲಿ ಆರಾಧನೆಯ ಫೋಟೋ ಎಷ್ಟು ಬೇಕಾದರೂ ಹಾಕಿ.

ಗ್ರೂಪ್ ಬಿಡೋದು ಬೇಡ. ಈಗೀಗ ಬಿಟ್ಟರೆ ಸುದ್ದಿ ಹೋಗೋದು ಅಡ್ಮಿನ್‌ಗೆ ಮಾತ್ರ, ನಿಜ. ಆದರೆ ಇಂಥ ಹೊತ್ತಲ್ಲಿ ನೀವು ಹೋದದ್ದು ಸಂಜೆಯೊಳಗೆ ಎಲ್ಲರಿಗೂ ಗೊತ್ತಾಗುತ್ತೆ. ‘ಆಕೆಯಿಂದಾಗಿ ಅಕ್ಕೋರು ಹೋದರು’ ಅನ್ನೋ ಇನ್ನೊಂದು ಭಾರ ಆ ತಾಯಿಯ ತಲೆಗೆ ಬೀಳುತ್ತೆ.

ಇನ್ನು ಆಕೆಗೆ ಏನು ಹೇಳೋದು? ಗ್ರೂಪಿನಲ್ಲಿ ಅಲ್ಲ, ಆಕೆಯ ನಂಬರಿಗೇ ಬರೆಯಿರಿ. ‘ನಿನ್ನ ಮಗನ ವಿಷಯದಲ್ಲಿ ನಾನು ಆಡಬಾರದ್ದು ಆಡಿದೆ. ತಪ್ಪಾಯಿತು. ನೀನು ಉತ್ತರ ಕೊಡಬೇಕಾಗಿಲ್ಲ.’ ‘ನಾನು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು’ ಅಂತ ಸೇರಿಸಬೇಡಿ. ಸೇರಿಸಿದರೆ ‘ಇರಲಿ ಬಿಡು’ ಅಂತ ನಿಮ್ಮನ್ನೇ ಸಮಾಧಾನ ಮಾಡುವ ಕೆಲಸ ಆಕೆಗೆ ಬೀಳುತ್ತೆ. ಕೈಮುಗಿದ ಇಮೋಜಿ ಸಾಲು ಬೇಡ. ಸುವಿಚಾರದ ಕಾರ್ಡ್ ಬೇಡ. ನೀಲಿ ಟಿಕ್ ಬಂತಾ ಅಂತ ನೋಡ್ತಾ ಕೂರಬೇಡಿ, ಬಂದಮೇಲೂ ಎರಡನೇ ಮೆಸೇಜ್ ಕಳಿಸಬೇಡಿ.

ಒಂದೆರಡು ವಾರ ಬಿಟ್ಟು, ಆಕೆಗೆ ಹತ್ತಿರ ಇರುವ ಮತ್ತೊಬ್ಬ ಗೆಳತಿಯ ಮೂಲಕ ಕೇಳಿಸಿ, ಒಪ್ಪಿದರೆ ಮನೆಗೆ ಹೋಗಿ ಬನ್ನಿ. ಆಕೆಯ ಮನೆ ಹುಬ್ಬಳ್ಳಿಯಲ್ಲೇ ಇದ್ದರೆ ದೂರವೇನಲ್ಲ, ಗದಗದಿಂದ ಹುಬ್ಬಳ್ಳಿಗೆ ಬಸ್ಸಿಗೆ ಒಂದೂವರೆ ತಾಸಿನ ಹಾದಿ. ಬೇಡ ಅಂದರೆ ಬೇಸರ ಮಾಡಿಕೊಳ್ಳದೆ ಬಿಟ್ಟುಬಿಡಿ, ಇನ್ನಾರು ತಿಂಗಳಿಗೆ ಮತ್ತೆ ಕೇಳಿಸಿ. ಹೋದಾಗ ಹುಡುಗನ ಬಗ್ಗೆ ಮಾತಾಡಿ. ಅವನ ಹೆಸರು ಹಿಡಿದು ಮಾತಾಡಿ. ಅವನು ಏನು ಓದುತ್ತಿದ್ದ, ಊಟಕ್ಕೆ ಏನು ಇಷ್ಟ ಇತ್ತು ಅಂತ ಕೇಳಿ. ಇಂಥ ಮನೆಗೆ ಬಂದವರು ಸತ್ತವರ ಹೆಸರೆತ್ತೋಕೇ ಹೆದರಿ ಬರೀ ದೇವರ ಮಾತಾಡಿ ಹೋಗ್ತಾರೆ. ಆಕೆ ನಿಮ್ಮೆದುರೇ ದೇವರನ್ನು ಬೈಯಬಹುದು. ಬೈಯಲಿ. ರಾಯರ ಪರ ವಕಾಲತ್ತು ವಹಿಸಬೇಡಿ. ನಿಮ್ಮ ಪರ್ಸಿನಲ್ಲಿ ಮಂತ್ರಾಕ್ಷತೆ ಇಟ್ಟುಕೊಂಡೇ ಇರ್ತೀರಿ, ಇರಲಿ. ಆಕೆ ತಾನಾಗಿ ಕೇಳುವ ತನಕ ಹೊರಗೆ ತೆಗೆಯಬೇಡಿ.