ಕಲಬುರಗಿಯಲ್ಲಿ ಗ್ಯಾಸ್ ಮೀಟರ್ ಮೆಕ್ಯಾನಿಕ್ ಕೆಲಸಕ್ಕೆ ಸೇರುವ ಮೊದಲು ಏನು ತಿಳಿದಿರಬೇಕು?

ನಿಮ್ಮ ತಮ್ಮ ಐಟಿಐ ಫಿಟ್ಟರ್ ಮುಗಿಸಿದ್ದಾನೆ, ಕಲಬುರಗಿಯಲ್ಲಿ ಮನೆಗಳಿಗೆ ಪೈಪ್ ಗ್ಯಾಸ್ ಮೀಟರ್ ಕೂಡಿಸುವ, ರಿಪೇರಿ ಮಾಡುವ ಕೆಲಸಕ್ಕೆ ಕರೆದಿದ್ದಾರೆ, ಏನು ಕಲಿತುಕೊಂಡು ಹೋಗಬೇಕು ಅಂತ ಕೇಳಿದ್ದೀರಿ. ಇದೇ ಕೆಲಸ ಮಾಡುವವನಾಗಿ ಉತ್ತರ ಬರೆಯುತ್ತಿದ್ದೇನೆ.

ಮೊದಲು 'ರಿಪೇರಿ' ಅನ್ನುವ ಮಾತನ್ನು ಬದಿಗಿಡಿ. ಮನೆಯ ಮೀಟರ್ ಸೀಲ್ ಆಗಿ ಬರುತ್ತದೆ, ಅದನ್ನು ಜಾಗದಲ್ಲಿ ಯಾರೂ ಬಿಚ್ಚುವುದಿಲ್ಲ. ಕೆಟ್ಟರೆ ತೆಗೆದು ಬೇರೆ ಹಾಕುತ್ತಾರೆ, ತೆಗೆದದ್ದು ಪರೀಕ್ಷಾ ಬೆಂಚಿಗೆ, ಅಂದರೆ ಮೀಟರಿನ ಅಳತೆ ಸರಿಯಿದೆಯೇ ಅಂತ ನೋಡುವ ಜಾಗಕ್ಕೆ ಹೋಗುತ್ತದೆ. ಮೆಕ್ಯಾನಿಕ್‌ನ ಕೈಚಳಕವೆಲ್ಲ ಮೀಟರಿನ ಎರಡು ಬದಿಯ ಜೋಡಣೆಯಲ್ಲಿ ಮತ್ತು ಕೂಡಿಸಿದ ಮೇಲಿನ ಪರೀಕ್ಷೆಯಲ್ಲಿ ಇರುತ್ತದೆ. ಮೀಟರ್ ತಪ್ಪು ಅಂತ ಬರುವ ದೂರುಗಳಲ್ಲಿ ಬಹಳಷ್ಟು ಕೊನೆಗೆ ವಾಷರ್, ಕಸ, ರೆಗ್ಯುಲೇಟರ್, ಇವಕ್ಕೇ ಬಂದು ನಿಲ್ಲುತ್ತವೆ.

ಆದರೂ ಒಳಗೆ ಏನು ನಡೆಯುತ್ತದೆ ಅಂತ ಗೊತ್ತಿರಬೇಕು. ಮನೆಗೆ ಹಾಕುವುದು ಡಯಾಫ್ರಾಂ ಮೀಟರ್, ಸಾಮಾನ್ಯವಾಗಿ ಜಿ1.6 ಅಳತೆಯದು. ಅದರ ಮೂಲಕ ಗಂಟೆಗೆ ಹೆಚ್ಚೆಂದರೆ 2.5 ಘನ ಮೀಟರ್, ಕಡಿಮೆಯೆಂದರೆ 0.016 ಘನ ಮೀಟರ್, ಅಂದರೆ 16 ಲೀಟರ್ ಗ್ಯಾಸ್ ಅಳೆಯಬಹುದು. ಒಳಗಿನ ಎರಡು ರಬ್ಬರ್ ಲೇಪಿತ ಬಟ್ಟೆಯ ಡಯಾಫ್ರಾಂಗಳು ಕಮ್ಮಾರನ ತಿದಿಯಂತೆ ಒಂದು ಕಡೆ ತುಂಬುತ್ತ ಇನ್ನೊಂದು ಕಡೆ ಖಾಲಿಯಾಗುತ್ತವೆ. ಅವುಗಳಿಂದ ನಾಲ್ಕು ಕೋಣೆ ಆಗುತ್ತವೆ. ಯಾವ ಕೋಣೆಗೆ ಯಾವಾಗ ಗ್ಯಾಸ್ ಹೋಗಬೇಕು ಅನ್ನುವುದನ್ನು ಮೇಲಿನ ಜಾರು ವಾಲ್ವ್ ನೋಡಿಕೊಳ್ಳುತ್ತದೆ. ಈ ವಾಲ್ವ್ ಕೂರುವ ನುಣುಪು ಜಾಗಕ್ಕೆ ಪೈಪ್ ಜೋಡಣೆಗೆ ಸುತ್ತುವ ಟೆಫ್ಲಾನ್ ಟೇಪಿನ ಒಂದು ಎಳೆ ಸಿಕ್ಕಿಕೊಂಡರೂ ಸಾಕು, ಸ್ವಲ್ಪ ಗ್ಯಾಸ್ ಅಳತೆಗೆ ಸಿಗದೆ ನುಸುಳುತ್ತದೆ, ಸಣ್ಣ ಉರಿಯಲ್ಲಿ ಅಂಕಿ ತಿರುಗುವುದೇ ಇಲ್ಲ. ಡಯಾಫ್ರಾಂ ಹರಿದರೆ ಉರಿ ಚೆನ್ನಾಗಿರುತ್ತದೆ, ಲೆಕ್ಕ ನಿಂತಿರುತ್ತದೆ. ಒಳಗಿನ ಕಡ್ಡಿ ಸಿಕ್ಕಿಕೊಂಡರೆ ಗ್ಯಾಸೇ ದಾಟುವುದಿಲ್ಲ.

ಹಾಗಾಗಿ ಮೊದಲ ಪಾಠ ಸ್ವಚ್ಛತೆ. ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪಿಗೆ ಥ್ರೆಡ್ ಹಾಕಿದ ಮೇಲೆ ಒಳಗಿನ ಲೋಹದ ಚೂರು, ಎಣ್ಣೆ ಪೂರ್ತಿ ತೆಗೆಯಬೇಕು. ಟೇಪನ್ನು ಥ್ರೆಡ್ ತಿರುಗುವ ದಿಕ್ಕಿಗೆ ಸುತ್ತಿ, ತುದಿಯ ಮೊದಲ ಒಂದೆರಡು ಸುತ್ತು ಬರಿದಾಗಿ ಬಿಡಬೇಕು. ತುದಿಯವರೆಗೆ ಸುತ್ತಿದರೆ ಅದು ಕತ್ತರಿಸಿ ಒಳಗೆ ಬೀಳುತ್ತದೆ. ಇನ್ನು ಹೊಸಬರು ಮಾಡುವ ದೊಡ್ಡ ತಪ್ಪು: ಮೀಟರನ್ನು ಪೈಪಿಗೆ ಕೂಡಿಸುವ ಯೂನಿಯನ್ ನಟ್ಟಿನ ಥ್ರೆಡ್‌ಗೂ ಟೇಪ್ ಸುತ್ತುವುದು. ಅಲ್ಲಿ ಗ್ಯಾಸ್ ತಡೆಯುವುದು ಚಪ್ಪಟೆ ವಾಷರ್, ಥ್ರೆಡ್ ಅಲ್ಲ. ಟೇಪ್ ಸುತ್ತಿದರೆ ನಟ್ಟು ಬಿಗಿಯಾದಂತೆ ಅನಿಸುತ್ತದೆ, ವಾಷರ್ ಮಾತ್ರ ಒತ್ತಿರುವುದಿಲ್ಲ. ಪ್ರತಿ ಸಲ ಹೊಸ ವಾಷರ್ ಹಾಕಬೇಕು. ಕೈಯಿಂದ ತಿರುಗಿಸಿದಷ್ಟು ತಿರುಗಿಸಿ, ಆಮೇಲೆ ಎರಡು ಪಾನಾ ಹಿಡಿದು, ಒಂದರಿಂದ ಪೈಪ್ ತಡೆದು, ಇನ್ನೊಂದರಿಂದ ನಟ್ಟು ಬಿಗಿ ಮಾಡಬೇಕು. ಒಂದೇ ಪಾನಾ ಹಿಡಿದು ಎಳೆದರೆ ಜೋರೆಲ್ಲ ಮೀಟರಿನ ಕೊರಳಿಗೆ ಬಿದ್ದು, ಮೇಲಿನ ಮುಚ್ಚಳದ ಜೋಡಣೆ ಸಡಿಲವಾಗುತ್ತದೆ. ಬಾಣದ ಗುರುತು ನೋಡಿಯೇ ಮೀಟರ್ ಕೂಡಿಸಬೇಕು. ಮಟ್ಟಗೋಲು ಇಟ್ಟು ಅದು ನೇರವಿದೆಯೇ ಅಂತಲೂ ನೋಡಬೇಕು.

ಮೀಟರನ್ನು ಗೋಡೆಗೆ ಹಿಡಿದಿಡುವ ಬ್ರಾಕೆಟ್ ಬಗ್ಗೆ ನಮ್ಮ ಭಾಗದ ಮಾತು ಒಂದಿದೆ. ಬೀದರ್ ಕಡೆ ಕೆಂಪು ಜಂಬಿಟ್ಟಿಗೆ ಗೋಡೆಯಲ್ಲಿ ರಂಧ್ರಗಳೇ ಜಾಸ್ತಿ, ಸಣ್ಣ ಆಂಕರ್ ಬೋಲ್ಟ್ ನಿಲ್ಲುವುದಿಲ್ಲ. ಆಳಕ್ಕೆ ಕೊರೆದು, ಧೂಳು ಊದಿ ತೆಗೆದು, ಸಿಮೆಂಟ್ ತುಂಬಿ, ಅದು ಗಟ್ಟಿಯಾದ ಮೇಲೆ ಭಾರ ಕೊಡಬೇಕು. ಕಲಬುರಗಿ, ಯಾದಗಿರಿ ಕಡೆ ಎರೆಮಣ್ಣು. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ, ಅದರ ಜೊತೆ ನೆಲದಿಂದ ಮೇಲೆ ಬಂದ ಪೈಪ್ ಕದಲುತ್ತದೆ. ಆ ಪೈಪನ್ನು ಗೋಡೆಗೆ ಗಟ್ಟಿಯಾಗಿ ಕ್ಲ್ಯಾಂಪ್ ಮಾಡದಿದ್ದರೆ, ಮಣ್ಣಿನ ಎಳೆತವೆಲ್ಲ ಮೀಟರಿನ ಯೂನಿಯನ್ ಮೇಲೆಯೇ ಬೀಳುತ್ತದೆ. ಮಳೆಗಾಲ ಕಳೆದ ಮೇಲೆ ಅಂಥ ಮನೆಯಿಂದ ಲೀಕ್ ದೂರು ಬಂದರೆ ವಾಷರ್ ಬದಲಿಸಿ ಬಂದರಷ್ಟೇ ಸಾಲದು, ಕ್ಲ್ಯಾಂಪ್ ನೋಡಲೇಬೇಕು.

ಈಗ ಒತ್ತಡದ ಪರೀಕ್ಷೆ. ರೆಗ್ಯುಲೇಟರ್ ದಾಟಿದ ಮೇಲೆ ಮನೆಯೊಳಗೆ 21 ಮಿಲಿಬಾರ್ ಇರುತ್ತದೆ. ನೀರಿನ ಯು-ಟ್ಯೂಬ್ ಮಾನೋಮೀಟರಿನಲ್ಲಿ (ಒತ್ತಡ ಅಳೆಯಲು ನೀರು ತುಂಬಿದ, ಯು ಆಕಾರದ ನಳಿಕೆ) ಇದು 214 ಮಿಲಿಮೀಟರ್: ನಳಿಕೆಯ ಒಂದು ಕಾಲಲ್ಲಿ 107 ಕೆಳಗೆ, ಇನ್ನೊಂದರಲ್ಲಿ 107 ಮೇಲೆ. ವಾಲ್ವ್ ಮುಚ್ಚಿ ನೀರು ಇಳಿಯುತ್ತದೆಯೇ ನೋಡುವುದು ಪರೀಕ್ಷೆ. ಕೇಳಲು ಸುಲಭ, ಆದರೆ ನಮ್ಮ ಬಿಸಿಲು ಇಲ್ಲಿ ಮೋಸ ಮಾಡುತ್ತದೆ. ಮುಚ್ಚಿದ ಪೈಪಿನೊಳಗಿನ ಗ್ಯಾಸ್ ಒಂದೇ ಒಂದು ಡಿಗ್ರಿ ಬಿಸಿಯಾದರೆ ಒತ್ತಡ ಸುಮಾರು 3 ಮಿಲಿಬಾರ್ ಏರುತ್ತದೆ, ಮಾನೋಮೀಟರಿನಲ್ಲಿ ಅದು 30 ಮಿಲಿಮೀಟರಿಗೂ ಹೆಚ್ಚು. ಪಶ್ಚಿಮದ ಗೋಡೆಯ ಪೈಪ್ ಮೇಲೆ ಬಿಸಿಲು ಬೀಳುತ್ತಿದ್ದರೆ, ಸಣ್ಣ ಲೀಕ್ ಇದ್ದರೂ ನೀರು ಅಲ್ಲಾಡದೆ ನಿಲ್ಲಬಹುದು. ನೆರಳಿಗೆ ಬಂದ ಪೈಪ್ ತಣ್ಣಗಾಗುವಾಗ ಲೀಕ್ ಇಲ್ಲದೆಯೂ ನೀರು ಇಳಿಯುತ್ತದೆ. ಆದ್ದರಿಂದ ಪರೀಕ್ಷೆ ಬೆಳಗ್ಗೆಯೇ ಮಾಡುವುದು ಒಳ್ಳೆಯದು. ಆಗದಿದ್ದರೆ ಪೈಪ್ ಸ್ಥಿರವಾಗುವವರೆಗೆ ಕಾಯ್ದು, ಮತ್ತೊಮ್ಮೆ ಮಾಡಿ, ಕೊನೆಗೆ ಪ್ರತಿ ಜೋಡಣೆಗೂ ಬ್ರಷ್‌ನಿಂದ ಸೋಪಿನ ನೀರು ಹಚ್ಚಿ ನೋಡಲಿ. ಬೆಂಕಿಕಡ್ಡಿ ಹಿಡಿದು ಲೀಕ್ ಹುಡುಕುವವರ ಹತ್ತಿರ ಕೆಲಸ ಕಲಿಯುವುದೇ ಬೇಡ.

ಅದೇ ಮಾನೋಮೀಟರಿನಿಂದ ರೆಗ್ಯುಲೇಟರನ್ನೂ ನೋಡಬೇಕು. ಸರಬರಾಜು ತೆರೆದಿಟ್ಟು ಬರ್ನರ್ ಮುಚ್ಚಿದರೆ ಒತ್ತಡ ಸ್ವಲ್ಪ ಏರಿ ನಿಲ್ಲಬೇಕು. ನಿಲ್ಲದೆ ಮೆಲ್ಲಗೆ ಏರುತ್ತಲೇ ಹೋದರೆ ರೆಗ್ಯುಲೇಟರ್ ಸೀಟಿನಲ್ಲಿ ಕಸ ಇದೆ, ಅದು ಪೂರ್ತಿ ಮುಚ್ಚುತ್ತಿಲ್ಲ. ಅಂಥದ್ದನ್ನು ಬಿಟ್ಟು ಬರುವಂತಿಲ್ಲ.

ಬಿಲ್ ಜಾಸ್ತಿ ಬಂತು ಅನ್ನುವ ದೂರು ದಿನವೂ ಇರುತ್ತದೆ. ಮನೆಯವರ ಎದುರಿಗೇ ನೋಡಬೇಕು, ಅವರಿಗೂ ಅಂಕಿ ಓದಲು ಹೇಳಿಕೊಡಬೇಕು: ಕಪ್ಪು ಅಂಕಿ ಘನ ಮೀಟರ್, ಕೆಂಪಿನ ಮೂರು ಅಂಕಿಗಳಲ್ಲಿ ಕೊನೆಯದು ಲೀಟರ್. ಎಲ್ಲ ಬರ್ನರ್ ಮುಚ್ಚಿ ಅರ್ಧ ಗಂಟೆ ಬಿಟ್ಟರೆ ಕೊನೆಯ ಅಂಕಿ ಕದಲಬಾರದು. ಕದಲಿದರೆ ಮೀಟರ್ ಆಚೆ ಒಲೆಯ ಕಡೆ ಲೀಕ್ ಇದೆ. (ಮೀಟರಿಗಿಂತ ಮೊದಲಿನ ಲೀಕ್ ಈ ಪರೀಕ್ಷೆಗೆ ಸಿಗುವುದಿಲ್ಲ.) ಆಮೇಲೆ ದೊಡ್ಡ ಬರ್ನರ್ ಒಂದನ್ನೇ ಪೂರ್ತಿ ಉರಿಸಿ. ಅದು 2ರಿಂದ 2.5 ಕಿಲೋವ್ಯಾಟ್ ಇದ್ದರೆ 10 ನಿಮಿಷಕ್ಕೆ ಸುಮಾರು 33ರಿಂದ 42 ಲೀಟರ್ ತೋರಿಸಬೇಕು. ಕೊನೆಗೆ ಸಣ್ಣ ಬರ್ನರ್ ಸಿಮ್‌ನಲ್ಲಿಡಿ, ಸುಮಾರು ಒಂದೂವರೆ ನಿಮಿಷಕ್ಕೆ ಒಂದು ಲೀಟರ್ ತಿರುಗುತ್ತದೆ. ಇದು ಅಂದಾಜಿನ ಪರೀಕ್ಷೆ. ಶೇ. 1.5ರೊಳಗಿನ ತಪ್ಪನ್ನು ಬೆಂಚಿನ ಮೇಲಷ್ಟೇ ಹಿಡಿಯಬಹುದು. ಸಿಲಿಂಡರ್ ಲೆಕ್ಕ ಕೇಳುವವರಿಗೆ 14.2 ಕಿಲೋದ ಒಂದು ಸಿಲಿಂಡರಿಗೆ ಸುಮಾರು 18-19 ಘನ ಮೀಟರ್ ಸಮ ಅಂತ ಹೇಳಿದರೆ ಥಟ್ಟನೆ ತಿಳಿಯುತ್ತದೆ.

ಮೀಟರ್ ಬಿಸಿಲಿಗಿದ್ದರೆ ಅದನ್ನೂ ಹೇಳಲಿ. ಪ್ರತಿ 3 ಡಿಗ್ರಿಗೆ ಗ್ಯಾಸ್ ಸುಮಾರು ಶೇ. 1ರಷ್ಟು ಹಿಗ್ಗುತ್ತದೆ. ತಾಪಮಾನ ಸರಿದೂಗಿಸುವ ವ್ಯವಸ್ಥೆ ಇಲ್ಲದ ಮೀಟರ್ 42 ಡಿಗ್ರಿಯಲ್ಲಿ, 15 ಡಿಗ್ರಿಗೆ ಹೋಲಿಸಿದರೆ, ಅಷ್ಟೇ ಗ್ಯಾಸಿಗೆ ಶೇ. 9ರಷ್ಟು ಹೆಚ್ಚು ತೋರಿಸುತ್ತದೆ. ಜಾಗ ಆರಿಸುವಾಗಲೇ ನೆರಳು, ಗಾಳಿ ಎರಡೂ ಇರುವಲ್ಲಿ ಕೂಡಿಸುವುದು ಮನೆಯವರಿಗೆ ಮಾಡುವ ನ್ಯಾಯ.

ಹಳೆ ಮೀಟರ್ ತೆಗೆಯುವಾಗ, ಸರಬರಾಜು ಬಂದ್ ಮಾಡಿದ ಮೇಲೆ, ನಟ್ಟು ಸಡಿಲಿಸುವ ಮೊದಲು, ಎರಡೂ ಪೈಪಿಗೆ ದಪ್ಪ ಜಂಪರ್ ವಯರಿನ ಕ್ಲಿಪ್ ಹಾಕಬೇಕು. ಮನೆಯ ಅರ್ಥಿಂಗ್ ಕೆಟ್ಟಿದ್ದರೆ ಜಿಐ ಪೈಪಿನಲ್ಲಿ ಕರೆಂಟ್ ಹರಿಯುತ್ತಿರಬಹುದು. ಪೈಪ್ ಬೇರೆಯಾದ ಕ್ಷಣಕ್ಕೆ ಕಿಡಿ ಹಾರುತ್ತದೆ, ಗ್ಯಾಸ್ ಹೊರಬರುವುದೂ ಅದೇ ಜಾಗದಲ್ಲಿ. ತೆಗೆದ ಮೀಟರಿನ ಎರಡೂ ಬಾಯಿಗೆ ಕ್ಯಾಪ್ ಹಾಕಬೇಕು, ಒಳಗೆ ಇನ್ನೂ ಗ್ಯಾಸ್ ಇರುತ್ತದೆ. ಹಳೆಯದರ ಕೊನೆಯ ಅಂಕಿ, ಹೊಸದರ ಮೊದಲ ಅಂಕಿ ಮನೆಯವರಿಗೆ ತೋರಿಸಿ ಫೋಟೊ ಹಿಡಿಯಲಿ. ಫ್ಯಾಕ್ಟರಿಯಲ್ಲಿ ಪರೀಕ್ಷೆ ಮಾಡಿರುವುದರಿಂದ ಹೊಸದು ಸೊನ್ನೆಯಲ್ಲೇ ಇರಬೇಕೆಂದಿಲ್ಲ, ಜಗಳ ಹುಟ್ಟುವುದು ಇಲ್ಲಿಯೇ. ಹೊಸದು ಕೂಡಿಸಿ, ಲೀಕ್ ಪರೀಕ್ಷೆ ಮಾಡಿದ ಮೇಲೆ, ಕಿಟಕಿ ಬಾಗಿಲು ತೆಗೆಸಿ, ಹತ್ತಿರ ಬೆಂಕಿ, ಸ್ವಿಚ್ಚು ಏನೂ ಮುಟ್ಟದೆ ಪೈಪ್, ಮೀಟರಿನ ಒಳಗಿನ ಗಾಳಿ ಹೊರಹಾಕಬೇಕು. ಮೀಟರಿನಲ್ಲಿ ಕನಿಷ್ಠ 10 ಲೀಟರ್ ದಾಟಿದ ಮೇಲೆ, ಕೋಣೆಯಲ್ಲಿ ಹರಡಿದ ಗ್ಯಾಸ್ ಹೊರಗೆ ಹೋದ ಮೇಲೆ, ಬರ್ನರ್ ಹಚ್ಚಿ ನೀಲಿ ಉರಿ ನಿಂತಿದೆಯೇ ನೋಡಬೇಕು.

ವಾಸನೆ ದೂರಿಗೆ ಹೋದಾಗ ಎಲ್ಲಿ ಹುಡುಕಬೇಕು ಅನ್ನುವುದು ಗ್ಯಾಸಿನ ಮೇಲೆ ಹೋಗುತ್ತದೆ. ಪೈಪಿನ ನೈಸರ್ಗಿಕ ಅನಿಲ ಗಾಳಿಗಿಂತ ಹಗುರ, ಮಾಡಿನ ಕಡೆ ಸೇರುತ್ತದೆ. ಸಿಲಿಂಡರಿನ ಎಲ್‌ಪಿಜಿ ಭಾರ, ನೆಲಕ್ಕೆ, ಮೋರಿಗೆ ಇಳಿಯುತ್ತದೆ. ಡಿಟೆಕ್ಟರ್ ಹಿಡಿಯುವ ಎತ್ತರ ಅದಕ್ಕೆ ತಕ್ಕಂತೆ. ಗಾಳಿಯಲ್ಲಿ ಮೀಥೇನ್ ಶೇ. 5ರಿಂದ 15 ಇದ್ದಾಗ ಹೊತ್ತಿಕೊಳ್ಳುತ್ತದೆ, ಸ್ವಿಚ್ಚಿನ ಒಂದು ಕಿಡಿ ಸಾಕು, ಅದಕ್ಕೇ ಫ್ಯಾನ್ ಹಾಕಿ ವಾಸನೆ ಓಡಿಸಲು ಹೋಗಬಾರದು.

ಫಿಟ್ಟರ್ ಓದಿದವನಿಗೆ ಪೈಪ್ ಕೆಲಸ ಹೊಸದಲ್ಲ. ಸೇರುವ ಮೊದಲು ಮನೆಯಲ್ಲೇ ಪಾರದರ್ಶಕ ನಳಿಕೆ ಬಗ್ಗಿಸಿ, ಅಳತೆಪಟ್ಟಿ ಅಂಟಿಸಿ, ಬಣ್ಣದ ನೀರು ತುಂಬಿ ಒಂದು ಯು-ಟ್ಯೂಬ್ ಮಾಡಿಕೊಳ್ಳಲಿ. ಜಿಐ ಪೈಪಿನ ತುಂಡಿಗೆ ಅದನ್ನು ಜೋಡಿಸಿ, ಮೆಲ್ಲಗೆ ಊದಿ, ವಾಲ್ವ್ ಮುಚ್ಚಿ, ಪೈಪನ್ನು ಅಂಗೈಯಲ್ಲಿ ಹಿಡಿದು ನೀರು ಎಷ್ಟು ಏರುತ್ತದೆ ನೋಡಲಿ.